ಆ ದೀಪ ಕರೆಯುವುದಿಲ್ಲ, ದೂರ ಇರು ಅನ್ನುತ್ತದೆ

ಗದಗಿನ ನಮ್ಮ ಮನೆ ಮಾಳಿಗೆ ಮೇಲೆ ರಾತ್ರಿ ಕೂತರೆ ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳ ಕೆಂಪು ದೀಪ ಮಿಣುಕುತ್ತವೆ. ಹಡಗಿನ ಕೆಲಸ ಬಿಟ್ಟು ವರ್ಷಗಳಾದವು, ಆದರೂ ಮನಸ್ಸು ತಾನಾಗಿ ಸೆಕೆಂಡು ಎಣಿಸುತ್ತದೆ. ಪಕ್ಕದ ಮನೆ ಹುಡುಗ ಮೊನ್ನೆ ಕೇಳಿದ, "ಜಿಪಿಎಸ್ ಐತಲ್ರಿ ಸರ, ಮತ್ತ ಲೈಟ್‌ಹೌಸ್ ಯಾಕ್ ಬೇಕ್ರಿ?"

ಅವನಿಗೆ ಹಾರ್ಸ್‌ಬರ್ಗ್ ದೀಪದ ಕತೆ ಹೇಳಿದೆ. ಸಿಂಗಾಪುರ ಜಲಸಂಧಿಯ ಪೂರ್ವದ ಬಾಯಲ್ಲಿ ಪೆಡ್ರಾ ಬ್ರಾಂಕಾ ಅಂತ ಒಂದು ಬಂಡೆ ಇದೆ. ಪೋರ್ಚುಗೀಸ್ ಹೆಸರು, ಬಿಳಿ ಕಲ್ಲು ಅಂತ ಅರ್ಥ. ಬಿಳಿ ಮಾಡಿದ್ದು ಮಾತ್ರ ಹಕ್ಕಿಗಳ ಹಿಕ್ಕೆ! ಉದ್ದ ಸುಮಾರು 137 ಮೀಟರ್, ದೊಡ್ಡ ಕಂಟೇನರ್ ಹಡಗಿನ ಅರ್ಧದಷ್ಟೂ ಇಲ್ಲ. ಕತ್ತಲಲ್ಲಿ ಇಂಥದ್ದು ದಾರಿಯ ಬಾಯಲ್ಲೇ ಕೂತಿದ್ದರೆ ಏನು ಗತಿ, ಅಲ್ವಾ? ಪುಲಾವ್ ಉಬಿನ್ ದ್ವೀಪದ ಗ್ರಾನೈಟ್ ತಂದು, ಸಿಂಗಾಪುರದ ಸರ್ಕಾರಿ ಸರ್ವೇಯರ್ ಜಾನ್ ಟರ್ನ್‌ಬುಲ್ ಥಾಮ್ಸನ್ ಅದರ ಮೇಲೆ ಸ್ತಂಭ ಕಟ್ಟಿಸಿದ. 1851ರಲ್ಲಿ ದೀಪ ಹತ್ತಿತು. ಹೆಸರು ಜೇಮ್ಸ್ ಹಾರ್ಸ್‌ಬರ್ಗ್‌ದು. 1786ರಲ್ಲಿ ತಪ್ಪು ನಕ್ಷೆಯ ದೆಸೆಯಿಂದ ಡಿಯೆಗೊ ಗಾರ್ಸಿಯಾದಲ್ಲಿ ಹಡಗು ಒಡೆದುಕೊಂಡು, ಆಮೇಲೆ ಜೀವನವಿಡೀ ಸರಿಯಾದ ನಕ್ಷೆ ಮಾಡುತ್ತಾ ಕೂತವನು. ಈ ಒಂದು ಬಂಡೆಗಾಗಿ ಮಲೇಷ್ಯಾ, ಸಿಂಗಾಪುರ ಎರಡೂ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದವು. 2008ರಲ್ಲಿ ಅದು ಸಿಂಗಾಪುರಕ್ಕೆ ಸಿಕ್ಕಿತು.

ಜನ ಅಂದುಕೊಳ್ಳುವುದು ಹಡಗು ದೀಪದ ಕಡೆ ಹೋಗುತ್ತದೆ ಅಂತ. ಉಲ್ಟಾ. ಇಲ್ಲಿ ಕಲ್ಲಿದೆ, ದೂರ ಇರು ಅನ್ನುವುದೇ ಅದರ ಕೆಲಸ. ಆದರೆ ಯಾವ ಕಲ್ಲು ಅಂತ ಗೊತ್ತಾಗುವುದು ಬೆಳಕು ಎಷ್ಟು ಜೋರಾಗಿದೆ ಅನ್ನುವುದರಿಂದಲ್ಲ, ಅದು ಮಿಣುಕುವ ಲೆಕ್ಕದಿಂದ: ಹಾರ್ಸ್‌ಬರ್ಗ್ 10 ಸೆಕೆಂಡಿಗೆ ಒಂದು ಸಲ, ಆಚೆ ಪಶ್ಚಿಮಕ್ಕಿರುವ ರಾಫಲ್ಸ್ ದೀಪ 20 ಸೆಕೆಂಡಿನಲ್ಲಿ ಮೂರು ಸಲ. ನಾನು ಹೊಸಬನಾಗಿದ್ದಾಗ ಒಂದು ಮೀನು ದೋಣಿಯ ದೀಪವನ್ನೇ ಲೈಟ್‌ಹೌಸ್ ಅಂದುಬಿಟ್ಟಿದ್ದೆ. ಅಲೆ ಎದ್ದಾಗ ಮರೆಯಾಗುತ್ತಿತ್ತು, ಇಳಿದಾಗ ಕಾಣುತ್ತಿತ್ತು, ಥೇಟ್ ಮಿಣುಕಿದ ಹಾಗೆ. ಕ್ಯಾಪ್ಟನ್ ಬೈಯಲಿಲ್ಲ, ಸ್ಟಾಪ್‌ವಾಚ್ ಕೈಗಿಟ್ಟು ಮೂರು ಸುತ್ತು ಎಣಿಸು ಅಂದರು. ಎರಡನೇ ಸುತ್ತಿಗೇ ನನ್ನ ಮುಖ ಸಣ್ಣದಾಯಿತು.

ಎಷ್ಟು ದೂರದಿಂದ ಕಾಣುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ, ಭೂಮಿ ದುಂಡಗಿದೆಯಲ್ಲ. ಒಂದು ದೀಪ ನೀರಿನಿಂದ 36 ಮೀಟರ್ ಎತ್ತರ, ನಾವು ನಿಂತ ಬ್ರಿಜ್, ಅಂದರೆ ಹಡಗು ನಡೆಸುವ ಮೇಲಿನ ಕೋಣೆ, 25 ಮೀಟರ್ ಅಂದುಕೊಳ್ಳಿ. ವರ್ಗಮೂಲ 6 ಮತ್ತು 5, ಕೂಡಿದರೆ 11, ಅದನ್ನು 2.08ರಿಂದ ಗುಣಿಸಿದರೆ ಹತ್ತಿರಹತ್ತಿರ 23 ನಾಟಿಕಲ್ ಮೈಲಿ. ಅಂದರೆ 42 ಕಿಲೋಮೀಟರ್, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬಂದಷ್ಟು. ಅಷ್ಟು ದೂರ ಮುಟ್ಟುವ ಜೋರೂ ದೀಪಕ್ಕಿರಬೇಕು, ಆಕಾಶವೂ ತಿಳಿಯಾಗಿರಬೇಕು, ಅದು ಬೇರೆ ಮಾತು.

ಇನ್ನು ಹುಡುಗನ ಜಿಪಿಎಸ್. ಸುಮಾರು 20,000 ಕಿಲೋಮೀಟರ್ ಮೇಲಿನಿಂದ ಬರುವ ಸಿಗ್ನಲ್ ಬಲು ಸಣ್ಣದು. ಅದನ್ನು ಅಡಗಿಸುವುದೂ ಸುಳ್ಳು ಜಾಗ ತೋರಿಸುವುದೂ ಈಗ ಸಮುದ್ರದಲ್ಲಿ ಮಾಮೂಲು. ತಮಾಷೆ ಅಂದರೆ, ಸುಳ್ಳು ಸಿಗ್ನಲ್ ಬಂದಾಗ ಪರದೆ ಮೇಲೆ ಎಲ್ಲ ಸರಿಯಾಗಿಯೇ ಕಾಣಬಹುದು. ದಿಕ್ಸೂಚಿ ಹಿಡಿದು ದೀಪ ಯಾವ ದಿಕ್ಕಿಗಿದೆ ನೋಡು, ರಡಾರ್‌ನಲ್ಲಿ ದೂರ ನೋಡು, ಎರಡನ್ನೂ ನಕ್ಷೆ ಮೇಲೆ ಗೆರೆ ಎಳೆ. ಆ ಗೆರೆ ಬಂದು ಸೇರುವ ಜಾಗ ಜಿಪಿಎಸ್ ಹೇಳಿದ ಜಾಗಕ್ಕೆ ಹೊಂದದಿದ್ದರೆ, ನಾನು ಮೊದಲು ನಂಬುವುದು ಕಲ್ಲಿನ ಮೇಲಿನ ದೀಪವನ್ನೇ.