ಎಣಿಸಲು ಕಿವಿ, ಹುಡುಕಲು ಕಣ್ಣು

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನನ್ನ ಹತ್ತಿರ ಇಂಗ್ಲಿಷ್ ಕಲಿಯಲು ಬರುವ ಮಕ್ಕಳಲ್ಲಿ ಕನ್ನಡದ ಮನೆಯವರೇ ಜಾಸ್ತಿ. 'ಬಸ್' ಪದದಲ್ಲಿ ಎಷ್ಟು ಸಿಲಬಲ್ (ಒಂದು ಸ್ವರದ ಸುತ್ತ ಕೂಡುವ ಉಚ್ಚಾರದ ತುಂಡು) ಅಂತ ಕೇಳಿದರೆ ಕೆಲವರು 'ಎರಡು' ಅನ್ನುತ್ತಾರೆ. ಪಾಪ, ಮನೆಯಲ್ಲಿ ಕೇಳುವುದೇ ಬಸ್ಸು, ಬ್ಯಾಂಕು, ರೋಡು. ನಮ್ಮ ನಾಲಿಗೆಗೆ ಪದದ ಕೊನೆಗೊಂದು ಸ್ವರ ಬೇಕು, ಅದಕ್ಕೇ ಉಕಾರ ಬಂದು ಕೂರುತ್ತದೆ. ಪಕ್ಕದ ಮರಾಠಿ ಮನೆಯ ಹುಡುಗ 'ಬಸ್' ಎಂದೇ ಅನ್ನುವುದರಿಂದ ಅವನಿಗೆ ಈ ತಾಪತ್ರಯವಿಲ್ಲ.

ಕಿವಿಗೆ ಎಷ್ಟು ಸ್ವರ ಬೀಳುತ್ತದೋ ಅಷ್ಟು ಸಿಲಬಲ್. ಬರೆದ ಅಕ್ಷರ ಲೆಕ್ಕಕ್ಕಿಲ್ಲ. ದಾದರ್ ಅಂತ ಬರೆಯಲು ಕನ್ನಡದಲ್ಲಿ ಮೂರು ಅಕ್ಷರ ಬೇಕು, ಬಾಯಿಗೆ ಎರಡೇ: ದಾ, ದರ್. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ ಅಪ್ಪ ಅಮ್ಮಂದಿರಿಗೆ ಇದು ಹೊಸದೇನಲ್ಲ. ಅಲ್ಲೂ ಅರ್ಧಾಕ್ಷರವನ್ನು ಬೇರೆ ಎಣಿಸದೆ, ಹಿಂದಿನದಕ್ಕೆ ಸೇರಿಸಿ ಗುರು ಹಾಕುತ್ತಿದ್ದೆವು, ಅಲ್ವಾ? ಲಘು ಗುರು ಬಲ್ಲವರು ಸಿಲಬಲ್ ಅಂದರೆ ಹೆದರುವುದು ನನಗೆ ಸೋಜಿಗ.

ಗದ್ದದ ಕೆಳಗೆ ಅಂಗೈ ಇಡಿಸಿ ಪದ ಹೇಳಿಸುತ್ತೇನೆ. 'ಬನಾನಾ' ಅಂದಾಗ ಗದ್ದ ಮೂರು ಸಲ ಇಳಿಯುತ್ತದೆ. 'ಸ್ಟ್ರೆಂತ್' ಅಂದರೆ ಒಂದೇ ಸಲ, ಸ್ಪೆಲ್ಲಿಂಗಿನಲ್ಲಿ ಎಂಟು ಅಕ್ಷರವಿದ್ದರೂ. 'ಏರಿಯಾ'ಗೆ ನಾಲ್ಕೇ ಅಕ್ಷರ, ಸಿಲಬಲ್ ಮೂರು. 'ಟೇಬಲ್', 'ಬಾಟಲ್' ತರದವಕ್ಕೆ ಮಾತ್ರ ಗದ್ದ ಮೋಸ ಮಾಡುತ್ತದೆ, ಎರಡನೇ ಸಲ ಸರಿಯಾಗಿ ಇಳಿಯುವುದೇ ಇಲ್ಲ. ಅಲ್ಲಿ ಚಪ್ಪಾಳೆ ತಟ್ಟಿ ಎಣಿಸುವುದೇ ವಾಸಿ. ಜಾಸ್ತಿ ಎಡವುವುದು ಭೂತಕಾಲದ ಪದಗಳ ಕೊನೆಗೆ ಬರುವ 'ಇ-ಡಿ'ಯಲ್ಲಿ (-ed). ಮೂಲ ಪದ ಟ್ ಅಥವಾ ಡ್ ಸದ್ದಿನಲ್ಲಿ ಮುಗಿದರೆ ಮಾತ್ರ ಅದು ಹೊಸ ಸಿಲಬಲ್. 'ವಾಂಟೆಡ್' ಎರಡು, 'ಜಂಪ್ಡ್' ಒಂದೇ. ನಮ್ಮವರು ಸುಮ್ನೆ 'ಜಂಪೆಡ್' ಅಂದುಬಿಡುತ್ತಾರೆ.

ಡಿಕ್ಷನರಿ ತೆರೆದ ಕೂಡಲೇ ಇದೇ ಕಿವಿ ದಾರಿ ತಪ್ಪಿಸುತ್ತದೆ. ಕನ್ನಡ ನಿಘಂಟಿನಲ್ಲಿ ಸದ್ದು ಗೊತ್ತಿದ್ದರೆ ಪುಟ ಸಿಕ್ಕಂತೆ. ಆದರೆ 'ನೈಫ್' ಅನ್ನು ಎನ್‌ನಲ್ಲಿ ಹುಡುಕಿದರೆ ಸಂಜೆಯಾದರೂ ಸಿಗದು, ಅದು ಕೆಯಲ್ಲಿದೆ. ಸೈಕಾಲಜಿ, ನ್ಯುಮೋನಿಯಾ ಎರಡೂ ಪಿಯಲ್ಲಿ. ಬರೆಯುವ 'ರೈಟ್' ಡಬ್ಲ್ಯೂನಲ್ಲಿ. ಮೊಬೈಲಿನಲ್ಲಿ ಹುಡುಕಿದರೂ ಅಷ್ಟೇ, ಮೊದಲ ಅಕ್ಷರ ತಪ್ಪಿದರೆ ಬರುವ ಪಟ್ಟಿಯೇ ಬೇರೆ.

ನೈಫಿನ ಕೆಯನ್ನು ಹಿಂದೆ ಇಂಗ್ಲಿಷರು ಉಚ್ಚರಿಸುತ್ತಲೇ ಇದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ. ಅಚ್ಚಿಗೆ ಬಿದ್ದ ಸ್ಪೆಲ್ಲಿಂಗ್ ಕ್ರಮೇಣ ಗಟ್ಟಿಯಾಯಿತು, ಮಾತು ಬದಲಾಗುತ್ತಾ ಹೋಯಿತು. ಸೈಕಾಲಜಿಯ ಪಿ ಗ್ರೀಕಿನಿಂದ ಬಂದದ್ದು.

ಇವನ್ನೆಲ್ಲ ಉರು ಹೊಡೆಸುವುದು ನನಗೆ ಇಷ್ಟವಿಲ್ಲ. ಕೆಎನ್ ಗುಂಪು ದೊಡ್ಡದು: ಮೊಣಕಾಲಿನ 'ನೀ', ಗಂಟಿನ 'ನಾಟ್', ಬಾಗಿಲು ಬಡಿಯುವ 'ನಾಕ್', ತಿಳಿಯುವ 'ನೋ'. ಅದನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಸುತ್ತೇನೆ, ಸಿಕ್ಕಿದಂತೆ ಮಕ್ಕಳೇ ಸೇರಿಸಿಕೊಳ್ಳುತ್ತಾರೆ. ಪಿಎನ್‌ಗೆ ನ್ಯುಮೋನಿಯಾ ಒಂದು ಸಾಕು, ಹತ್ತನೇ ಕ್ಲಾಸಿನವರೆಗೆ ಇನ್ನೊಂದು ಬೇಕಾಗುವುದು ಅಪರೂಪ.