ಮನೆಗೊಂದು ಆಕಳು: ಮೊದಲು ಹುಲ್ಲಿನ ಲೆಕ್ಕ

ಶಿರಸಿ ಕಡೆಯ ಸಣ್ಣ ಅಡಿಕೆ ತೋಟದ ಮನೆಗೆ ಎಂಥ ಆಕಳು ಸರಿ? ಹೊಸದಾಗಿ ದನ ಕಟ್ಟುವವರಿಗೆ ಅಂತ ನಾನು ಕಲಿತದ್ದನ್ನು ಬರೆದಿಡುತ್ತಿದ್ದೇನೆ.

‘ಎಷ್ಟು ಲೀಟರ್ ಕೊಡ್ತದೆ?’ ಅಂತ ಎಲ್ಲರೂ ಮೊದಲು ಕೇಳುತ್ತೇವೆ. ಅದಕ್ಕೂ ಮೊದಲು ನಮ್ಮಲ್ಲಿ ಎಷ್ಟು ಹುಲ್ಲಿದೆ ಅಂತ ನೋಡಬೇಕು. ನೀರಿನಂಶ ಬಿಟ್ಟು ಒಣ ಲೆಕ್ಕ ಹಾಕಿದರೆ, ಆಕಳಿಗೆ ದಿನಕ್ಕೆ ಅದರ ಮೈತೂಕದ ನೂರಕ್ಕೆ ಎರಡೂವರೆಯಿಂದ ಮೂರು ಪಾಲು ಆಹಾರ ಬೇಕು. 350 ಕೆ.ಜಿ. ತೂಗುವ ಜರ್ಸಿ ಕ್ರಾಸಿಗೆ (ಜರ್ಸಿ ಮಿಶ್ರತಳಿ) ಸುಮಾರು 9ರಿಂದ 10 ಕೆ.ಜಿ. ಬೇಕು. ನೂರು ಕೆ.ಜಿ. ಆಸುಪಾಸಿನ ಮಲೆನಾಡು ಗಿಡ್ಡಕ್ಕೆ (ನಮ್ಮ ಕಡೆಯ ಸಣ್ಣ ನಾಟಿ ತಳಿ) ಮೂರು ಕೆ.ಜಿ. ಸಾಕು. ಈ ಒಟ್ಟು ಲೆಕ್ಕದೊಳಗೇ ಹಿಂಡಿಯೂ ಸೇರಿತು, ಆದರೆ ಅದಕ್ಕೆ ಖರ್ಚಿದೆ. ಕ್ರಾಸ್ ಆಕಳಿಗೆ ಮೈ ಉಳಿಸಿಕೊಳ್ಳಲು ಅಂತ ಒಂದೂವರೆ ಕೆ.ಜಿ., ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆ.ಜಿ. ಹಿಂಡಿ ಬೇಕು. ಎಂಟು ಲೀಟರ್ ಕೊಡುವ ಆಕಳಿಗೆ ದಿನಕ್ಕೆ ಹತ್ತಿರ ಹತ್ತಿರ ಐದು ಕೆ.ಜಿ. ಆಯ್ತಲ್ವಾ?

ಈ ಲೆಕ್ಕವನ್ನು ಮಳೆಗಾಲದಲ್ಲಿ ಹಾಕಬೇಡಿ. ಆಗ ತೋಟದ ಅಂಚಿನಲ್ಲೇ ಬೇಕಾದಷ್ಟು ಹಸಿ ಹುಲ್ಲಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅಟ್ಟದ ಮೇಲೆ ಎಷ್ಟು ಕರಡ (ಬೆಟ್ಟದ ಒಣ ಹುಲ್ಲು), ಎಷ್ಟು ಬತ್ತದ ಹುಲ್ಲು ಉಳಿದಿರುತ್ತದೆ ಅಂತ ನೋಡಿ. ಅಷ್ಟರಲ್ಲಿ ಬದುಕುವ ಆಕಳೇ ನಿಮ್ಮ ಆಕಳು.

ಮನೆಯಲ್ಲಿ ನಾಲ್ಕು ಜನ, ಹಾಲು ಮಾರುವುದಿಲ್ಲ, ಬೆಟ್ಟಕ್ಕೆ ಬಿಟ್ಟು ಮೇಯಿಸಬಹುದು ಅಂತಾದರೆ ನಾನು ಗಿಡ್ಡವನ್ನೇ ಹೇಳುತ್ತೇನೆ. ಇದಕ್ಕೆ 2012ರಲ್ಲಿ ಅಧಿಕೃತ ತಳಿ ಅಂತ ಮಾನ್ಯತೆ ಸಿಕ್ಕಿದೆ. ಹಾಲು ದಿನಕ್ಕೆ ಒಂದೆರಡು ಲೀಟರ್ ಅಷ್ಟೇ. ಆದರೆ ನಮ್ಮ ಮಳೆ, ಗುಡ್ಡ, ಉಣ್ಣಿ ಹುಳದ ಕಾಟ ಎಲ್ಲ ತಡೆದುಕೊಳ್ಳುತ್ತದೆ, ತೋಟಕ್ಕೆ ಗೊಬ್ಬರವೂ ಆಗುತ್ತದೆ. ಡೇರಿಗೂ ಹಾಲು ಹಾಕಬೇಕು ಅಂದರೆ ಜರ್ಸಿ ಕ್ರಾಸ್. ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಾಲು ಜಾಸ್ತಿ ಕೊಡುತ್ತದೆ, ಆದರೆ ಸೆಕೆ ತಡೆಯುವುದಿಲ್ಲ. ಕಾರವಾರ, ಕುಮಟಾದ ಕರಾವಳಿ ಸೆಕೆಗಂತೂ ಬೇಡ.

ಇನ್ನು ಕೊಳ್ಳುವಾಗ ನೋಡಬೇಕಾದ್ದು. ಇಲ್ಲಿ ನಾವೇ ಒಮ್ಮೆ ಮೋಸ ಹೋಗಿದ್ದೇವೆ. ಸಂಜೆ ಹೋದಾಗ ಕೆಚ್ಚಲು ತುಂಬಿ ಮೊಲೆ ಬಿಗಿದು ನಿಂತಿತ್ತು. ಎಂಟು ಲೀಟರ್ ಅಂದರು, ನಂಬಿದೆವು. ಮನೆಗೆ ತಂದ ಮೇಲೆ ನಾಲ್ಕು ದಾಟಲಿಲ್ಲ. ಬೆಳಿಗ್ಗೆ ಹಾಲು ಕರೆಯದೆ ಹಾಗೇ ಬಿಟ್ಟಿದ್ದರು. ಪಾಪ, ಆ ಆಕಳಿಗೆ ಎಷ್ಟು ನೋವಾಗಿತ್ತೋ.

ಹಾಗಾಗಿ ಸಂಜೆ ಹೋಗಿ, ಎದುರಿಗೇ ಪೂರ್ತಿ ಕರೆಸಿ. ಆ ಹಾಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮರುದಿನ ಬೆಳಿಗ್ಗೆ ಮತ್ತು ಸಂಜೆ ಕರೆದದ್ದನ್ನು ಅಳೆಯಿರಿ, ಅದೇ ನಿಜವಾದ ಹಾಲು. ನೀವೂ ಕೂತು ಕರೆದು ನೋಡಿ. ಹೊಸ ಕೈಗೆ ಸೊರೆ ಬಿಡುತ್ತದೋ (ಹಾಲು ಇಳಿಸುತ್ತದೋ), ಒದೆಯುತ್ತದೋ ಗೊತ್ತಾಗುತ್ತದೆ. ನಾಲ್ಕೂ ಮೊಲೆಯ ಮೊದಲ ಎರಡು ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಬಿಡಿ. ಸಣ್ಣ ಸಣ್ಣ ಗರಣೆ ಕಂಡರೆ, ನೀರಾಗಿದ್ದರೆ, ರಕ್ತದ ಬಣ್ಣವಿದ್ದರೆ ಕೆಚ್ಚಲು ಬಾವು ಅಂತ ತಿಳಿಯಿರಿ. ಕರೆದು ಮುಗಿದ ಮೇಲೆ ಕೆಚ್ಚಲು ಮುಟ್ಟಿ. ಮೆತ್ತಗೆ ಇಳಿದು ಸುಕ್ಕು ಬೀಳಬೇಕು. ಒಳಗೆ ಗಟ್ಟಿ ಗಂಟು ಸಿಕ್ಕರೆ ಬಿಟ್ಟು ಬನ್ನಿ.

ವಯಸ್ಸಿಗೆ ಕೆಳಗಿನ ಮುಂದಿನ ಹಲ್ಲು ನೋಡುತ್ತಾರೆ. ಎರಡು ದೊಡ್ಡ ಹಲ್ಲು ಬಂದಿದ್ದರೆ ಸುಮಾರು ಎರಡು, ಎರಡೂವರೆ ವರ್ಷ. ಎಂಟೂ ಬಂದಿದ್ದರೆ ಐದರ ಹತ್ತಿರ ಅಥವಾ ಮೇಲೆ. ಎರಡನೇ ಕರು ಹಾಕಿದ ಆಕಳು ಹೊಸಬರಿಗೆ ಒಳ್ಳೆಯದು, ಹಾಲು ಕರೆಸಿಕೊಂಡು ರೂಢಿಯಾಗಿರುತ್ತದೆ.

ಗಬ್ಬ ಅಂತ ಹೇಳಿದರೆ ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿ. ಕಂದು ರೋಗಕ್ಕೆ (ಬ್ರುಸೆಲ್ಲೋಸಿಸ್) ರಕ್ತ ಪರೀಕ್ಷೆಯೂ ಆಗಲಿ, ಅದು ಹಸಿ ಹಾಲಿನಿಂದ ಮನುಷ್ಯರಿಗೂ ಬರುತ್ತದೆ. ಕಾಲುಬಾಯಿ ಲಸಿಕೆ ಯಾವಾಗ ಆಯ್ತು, ಬೆದೆಗೆ ಯಾವಾಗ ಬಂದಿತ್ತು ಅಂತ ಕೇಳಿ ಬರೆದುಕೊಳ್ಳಿ. ಗಬ್ಬ ನಿಲ್ಲದಿದ್ದರೆ ಸುಮಾರು 21 ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ. ಹೊರಡುವಾಗ ಅದು ತಿನ್ನುತ್ತಿದ್ದ ಹಿಂಡಿಯನ್ನೇ ಒಂದು ವಾರಕ್ಕಾಗುವಷ್ಟು ಕೇಳಿ ತನ್ನಿ. ಮೇವು ಒಮ್ಮೆಲೇ ಬದಲಾದರೆ ಹೊಟ್ಟೆ ಕೆಡುತ್ತದೆ, ಹಾಲೂ ಇಳಿಯುತ್ತದೆ.