ರೆಸಾರ್ಟ್ ಮೆಂಬರ್‌ಶಿಪ್: ಸಹಿ ಹಾಕುವ ಮುಂಚೆ ಮನೆಯ ಕ್ಯಾಲೆಂಡರ್ ನೋಡಿ

ಬೇಸಿಗೆ ರಜೆ ಹತ್ತಿರ ಬಂದರೆ ಸಾಕು, ಮನೆಯ ಹಣಕಾಸಿನ ಸಲಹೆಗೆ ನನ್ನ ಮೈಸೂರಿನ ಆಫೀಸಿಗೆ ಬರುವವರಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ಸರ್, ಈ ಹಾಲಿಡೇ ಮೆಂಬರ್‌ಶಿಪ್ ತಗೊಂಡ್ರೆ ಲಾಭ ಇದ್ಯಾ?" ಕೈಯಲ್ಲಿ ಬಣ್ಣಬಣ್ಣದ ಪುಸ್ತಕ ಇರುತ್ತದೆ. ಮುನ್ನಾರ್‌ನ ಟೀ ತೋಟ, ಗೋವಾದ ಈಜುಕೊಳ, ಮಡಿಕೇರಿಯ ಮಂಜು. ನಾನು ಆ ಪುಸ್ತಕ ಪಕ್ಕಕ್ಕಿಟ್ಟು ಒಂದು ಬಿಳಿ ಹಾಳೆ ಕೊಡುತ್ತೇನೆ. ಕಳೆದ 5 ವರ್ಷದಲ್ಲಿ ನಿಮ್ಮ ಕುಟುಂಬ ಎಲ್ಲಿಗೆ ಹೋಯಿತು, ಯಾವ ತಿಂಗಳಲ್ಲಿ ಹೋಯಿತು, ಎಷ್ಟು ರಾತ್ರಿ ಉಳಿಯಿತು, ರೂಮಿಗೆ ಎಷ್ಟು ಕೊಟ್ಟಿರಿ, ಇಷ್ಟು ಬರೆಯಿರಿ ಎನ್ನುತ್ತೇನೆ. ಉತ್ತರ ಬಹುಪಾಲು ಆ ಹಾಳೆಯಲ್ಲೇ ಸಿಗುತ್ತದೆ.

ಮೊದಲು ಇದೇನು ಅಂತ ನೋಡೋಣ. ಒಂದು ರಜೆಯ ಮನೆಯನ್ನು ಹಲವರು ವರ್ಷದ ಬೇರೆ ಬೇರೆ ವಾರಗಳಿಗೆ ಹಂಚಿಕೊಳ್ಳುವ ಪದ್ಧತಿ 1960ರ ದಶಕದಲ್ಲಿ ಯುರೋಪಿನಲ್ಲಿ ಶುರುವಾಯಿತು. ಅದೇ ಟೈಮ್‌ಶೇರ್. ನಮ್ಮಲ್ಲಿ ಸ್ಟರ್ಲಿಂಗ್ 1986ರಲ್ಲಿ, ಮಹೀಂದ್ರಾ 1996ರಲ್ಲಿ ಈ ವ್ಯವಹಾರಕ್ಕೆ ಬಂದವು. ಇಲ್ಲಿ ಸಾಮಾನ್ಯವಾಗಿ ಮಾರುವುದು ವರ್ಷಕ್ಕೆ 7 ರಾತ್ರಿಯಂತೆ 25 ವರ್ಷದ ಸದಸ್ಯತ್ವ. ಈಗ ಕಡಿಮೆ ವರ್ಷದ, ಪಾಯಿಂಟ್ ಲೆಕ್ಕದ ಯೋಜನೆಗಳೂ ಬಂದಿವೆ. ಒಂದು ಮಾತು ಮಾತ್ರ ಸ್ಪಷ್ಟವಾಗಿ ತಿಳಿದಿರಲಿ. ನಿಮ್ಮ ಹೆಸರಿಗೆ ಅಲ್ಲಿ ಒಂದು ಇಟ್ಟಿಗೆಯೂ ಬರುವುದಿಲ್ಲ. ರೂಮು ಖಾಲಿ ಇದ್ದರೆ ಬಾಡಿಗೆ ಇಲ್ಲದೆ ಉಳಿಯುವ ಹಕ್ಕು ಬರುತ್ತದೆ, ಅಷ್ಟೇ. "ಆಸ್ತಿ ಮಾಡಿಕೊಂಡ ಹಾಗೆ ಸರ್" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಆ "ಖಾಲಿ ಇದ್ದರೆ" ಅನ್ನುವುದರಲ್ಲೇ ಇಡೀ ವಿಷಯ ಇದೆ. ಸದಸ್ಯತ್ವಗಳನ್ನು ಸೀಸನ್ ಪ್ರಕಾರ ಬಣ್ಣ ಕೊಟ್ಟು ಮಾರುತ್ತಾರೆ. ಒಂದು ದೊಡ್ಡ ಕಂಪನಿಯಲ್ಲಿ ಪರ್ಪಲ್, ರೆಡ್, ವೈಟ್, ಬ್ಲೂ ಎಂದು ನಾಲ್ಕು. ಪರ್ಪಲ್ ಎಂದರೆ ಎಲ್ಲರೂ ಮುಗಿಬೀಳುವ ದಿನಗಳು. ಬ್ಲೂ ಎಂದರೆ ಯಾರೂ ಬಾರದ ದಿನಗಳು. ಬೆಲೆಯಲ್ಲಿ ದೊಡ್ಡ ಅಂತರ ಇರುವುದರಿಂದ ಬಜೆಟ್ ನೋಡಿಕೊಂಡು ಕೆಳಗಿನ ಬಣ್ಣ ಕೊಳ್ಳುವವರು ಜಾಸ್ತಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ನಿಮ್ಮ ರಜೆ ಯಾವಾಗ? ಏಪ್ರಿಲ್-ಮೇ, ದಸರಾ, ಕ್ರಿಸ್‌ಮಸ್. ಮೂರೂ ದುಬಾರಿ ಬಣ್ಣದ ದಿನಗಳೇ. ವೈಟ್ ಅಥವಾ ಬ್ಲೂ ಕೊಂಡರೆ ಕೊಡಗಿನಲ್ಲಿ ಜುಲೈ ತಿಂಗಳ ರೂಮು ಸಿಗಬಹುದು. ಆದರೆ ಮಗಳಿಗೆ ಆಗ ಕಿರುಪರೀಕ್ಷೆ. ಮಳೆ ಹೇಗಿರುತ್ತದೆ ಅಂತ ನಿಮಗೇ ಗೊತ್ತು. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡ ಕುಸಿದದ್ದನ್ನು ನಾವ್ಯಾರೂ ಮರೆತಿಲ್ಲ.

ಹಾಗಂತ ಬ್ಲೂ ಕೆಟ್ಟದ್ದು ಅಂತಲ್ಲ. ನಿವೃತ್ತರಾದ ದಂಪತಿಗೆ ಅದೇ ಚೆನ್ನ. ಅವರಿಗೆ ಮಂಗಳವಾರವೂ ಭಾನುವಾರವೂ ಒಂದೇ. ಗದ್ದಲ ಇರದ ದಿನಗಳಲ್ಲಿ ಹೋಗಿ ನಾಲ್ಕು ರಾತ್ರಿ ನೆಮ್ಮದಿಯಾಗಿ ಇದ್ದು ಬರಬಹುದು. ಸೀಸನ್ ಪಟ್ಟಿ ಪ್ರತಿ ರೆಸಾರ್ಟಿಗೂ ಬೇರೆ ಇರುತ್ತದೆ ಎಂಬುದೂ ನೆನಪಿರಲಿ. ಗೋವಾದಲ್ಲಿ ಜನ ಕಡಿಮೆ ಇರುವ ತಿಂಗಳು ಊಟಿಯಲ್ಲಿ ತುಂಬಿರಬಹುದು. ಬಣ್ಣದ ಹೆಸರು ಕೇಳಿ ತೃಪ್ತಿಪಡಬೇಡಿ. ನಿಮ್ಮ ಮಕ್ಕಳ ಶಾಲೆಯ ರಜಾ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ತಾರೀಖಿಗೆ ತಾರೀಖು ಹೋಲಿಸಿ.

ಈಗ ಆ ಬಿಳಿ ಹಾಳೆಗೆ ಬರುತ್ತೇನೆ. ಒಬ್ಬ ಹೈಸ್ಕೂಲ್ ಶಿಕ್ಷಕಿ, ಬ್ಯಾಂಕಿನಲ್ಲಿರುವ ಅವರ ಗಂಡ, ಇಬ್ಬರು ಮಕ್ಕಳು. ಅವರು ಬರೆದದ್ದು ಹೀಗಿತ್ತು. ಧರ್ಮಸ್ಥಳ, ಕುಕ್ಕೆ, ಹೊರನಾಡು: ಒಂದೊಂದು ರಾತ್ರಿ, ಛತ್ರದಲ್ಲಿ. ಶಿರಸಿಯ ತವರು: ಪ್ರತಿ ಮೇ ತಿಂಗಳು ಹತ್ತು ದಿನ. ಊಟಿ: ಎರಡು ರಾತ್ರಿ. ಗೋವಾ: ಮೂರು ರಾತ್ರಿ, ಆಫೀಸಿನ ಗೆಳೆಯರ ಜೊತೆ. ಉಳಿದ ರಜೆಯೆಲ್ಲ ಮದುವೆ, ಗೃಹಪ್ರವೇಶಕ್ಕೆ ಹೋಗಿತ್ತು. ಐದು ವರ್ಷದಲ್ಲಿ ಹೋಟೆಲ್ ರೂಮಿನಲ್ಲಿ ಮಲಗಿದ್ದು ಒಟ್ಟು ಐದು ರಾತ್ರಿ! ಅವರು ಕೊಳ್ಳಲು ಹೊರಟಿದ್ದು ವರ್ಷಕ್ಕೆ ಏಳು ರಾತ್ರಿ. "ಮೆಂಬರ್‌ಶಿಪ್ ಇದ್ರೆ ಆದ್ರೂ ಹೋಗ್ತೀವಿ ಸರ್" ಅಂದರು ಆ ತಾಯಿ. ಆ ಆಸೆ ನನಗೆ ಅರ್ಥವಾಗುತ್ತದೆ. ಇಡೀ ವರ್ಷ ದುಡಿಯುವವರು ಮಕ್ಕಳ ಜೊತೆ ಒಂದು ವಾರ ಬೇಕು ಅನ್ನುವುದರಲ್ಲಿ ತಪ್ಪೇನಿಲ್ಲ. ಆದರೆ ಹೋಗಲು ಆಗದಿದ್ದದ್ದು ರೂಮಿಲ್ಲದ್ದಕ್ಕೆ ಅಲ್ಲ. ಮೌಲ್ಯಮಾಪನದ ಡ್ಯೂಟಿ, ಬ್ಯಾಂಕಿನ ಮಾರ್ಚ್ ತಿಂಗಳು, ತವರು, ಈ ಮೂರೂ ಸದಸ್ಯತ್ವ ಕೊಂಡರೆ ಬದಲಾಗುವುದಿಲ್ಲ. ಮುಂದೆ ದೊಡ್ಡ ಮಗನ ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ ಬರುತ್ತವೆ. ಆಮೇಲೆ ಚಿಕ್ಕವಳದ್ದು. ಅಷ್ಟರಲ್ಲಿ ಮಕ್ಕಳು ಅಪ್ಪ-ಅಮ್ಮನ ಜೊತೆ ಬರುವ ವಯಸ್ಸೇ ದಾಟಿರುತ್ತದೆ. 25 ವರ್ಷ ಅಂದರೆ ಅಷ್ಟು ಉದ್ದ.

ಇನ್ನು ದುಡ್ಡಿನ ಲೆಕ್ಕ. ಬೆಲೆಗಳು ಯೋಜನೆಯಿಂದ ಯೋಜನೆಗೆ ಬದಲಾಗುತ್ತವೆ, ಹಾಗಾಗಿ ಒಂದು ಉದಾಹರಣೆ ಹಿಡಿಯೋಣ. ಶೇ 18 ಜಿಎಸ್‌ಟಿ ಸೇರಿ ಸದಸ್ಯತ್ವಕ್ಕೆ 5 ಲಕ್ಷ, ತೆರಿಗೆ ಸೇರಿ ವಾರ್ಷಿಕ ಶುಲ್ಕ 20,000 ಎಂದಿಟ್ಟುಕೊಳ್ಳಿ. ಈ ವಾರ್ಷಿಕ ಶುಲ್ಕಕ್ಕೆ ಎಎಸ್‌ಎಫ್ ಎನ್ನುತ್ತಾರೆ. ನೀವು ಆ ವರ್ಷ ಎಲ್ಲಿಗೂ ಹೋಗದಿದ್ದರೂ ಇದನ್ನು ಕಟ್ಟಬೇಕು. ಕಟ್ಟದಿದ್ದರೆ ಬುಕಿಂಗ್ ಸಿಗುವುದಿಲ್ಲ. ಆ 5 ಲಕ್ಷವನ್ನು ಶೇ 7ರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ 35,000 ಬರುತ್ತಿತ್ತು. ಅದಕ್ಕೆ ಶುಲ್ಕ ಸೇರಿಸಿ: 55,000. ಏಳು ರಾತ್ರಿಯನ್ನೂ ಬಿಡದೆ ಬಳಸಿದರೆ ರಾತ್ರಿಗೆ ಸುಮಾರು 7,850. ನಾಲ್ಕೇ ರಾತ್ರಿ ಹೋದರೆ 13,750. ಮೇ ತಿಂಗಳಲ್ಲಿ ಅಡುಗೆಮನೆ ಇರುವ ದೊಡ್ಡ ರೂಮಿಗೆ ತೆರಿಗೆ ಸೇರಿ 12,000 ಕೊಟ್ಟು ಉಳಿಯುವ ಅಭ್ಯಾಸ ನಿಮಗಿದ್ದರೆ ಮೊದಲ ಲೆಕ್ಕ ಚೆನ್ನಾಗಿಯೇ ಇದೆ. ಕೊಡಗಿನ ಹೋಂಸ್ಟೇಯಲ್ಲೋ, ರಾಜಾಸೀಟ್ ಹತ್ತಿರದ ಸರ್ಕಾರಿ ಮಯೂರ ಹೋಟೆಲಿನಲ್ಲೋ ಅದರ ಅರ್ಧಕ್ಕೂ ಕಡಿಮೆಗೆ ಖುಷಿಯಾಗಿ ಇದ್ದು ಬರುವವರಾದರೆ ಇದು ನಷ್ಟ. ಠೇವಣಿಯ 5 ಲಕ್ಷ ಕೊನೆಗೆ ವಾಪಸ್ ಬರುತ್ತದೆ, ಸದಸ್ಯತ್ವದ್ದು ಬರುವುದಿಲ್ಲ ಅನ್ನುವುದನ್ನು ನಾನಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

"ಹೋಟೆಲ್ ಬಾಡಿಗೆ ವರ್ಷ ವರ್ಷ ಏರುತ್ತೆ, ನೀವು ಇವತ್ತಿನ ರೇಟಿಗೇ 25 ವರ್ಷ ಲಾಕ್ ಮಾಡ್ಕೊಳ್ತೀರಿ" ಎಂದು ಮಾರುವವರು ಹೇಳುತ್ತಾರೆ. ಅರ್ಧ ನಿಜ. ಬಾಡಿಗೆ ಏರುವುದು ಹೌದು. ಆದರೆ ಎಎಸ್‌ಎಫ್ ಕೂಡ ಏರುತ್ತದೆ. ವರ್ಷಕ್ಕೆ ಶೇ 6ರಂತೆ ಏರಿದರೆ 20,000 ಇದ್ದದ್ದು 15ನೇ ವರ್ಷಕ್ಕೆ 45,000, 25ನೇ ವರ್ಷಕ್ಕೆ 80,000 ದಾಟುತ್ತದೆ. ಒಟ್ಟು ಕೂಡಿಸಿದರೆ ಸುಮಾರು 11 ಲಕ್ಷ. ಅಂದರೆ ಕೊಂಡ ಬೆಲೆಯ ಎರಡು ಪಟ್ಟಿಗೂ ಜಾಸ್ತಿ. ಹಾಗಾಗಿ ಕರಾರಿನಲ್ಲಿ ನಾನು ಮೊದಲು ಹುಡುಕುವುದು ಶುಲ್ಕ ಏರಿಸುವ ಷರತ್ತು. ಯಾವುದಾದರೂ ಬೆಲೆ ಸೂಚ್ಯಂಕಕ್ಕೆ ಕಟ್ಟಿದ್ದಾರಾ, ಗರಿಷ್ಠ ಮಿತಿ ಇದೆಯಾ, ಅಥವಾ "ಕಂಪನಿಯ ತೀರ್ಮಾನವೇ ಅಂತಿಮ" ಅಂತಿದೆಯಾ? ಮೂರನೆಯದಾದರೆ ನಾನು ಬೇಡ ಎನ್ನುತ್ತೇನೆ.

ಇಎಂಐ ಹಾಕಿಸಿಕೊಳ್ಳುವವರಿಗೆ ಇನ್ನೊಂದು ಭಾರ. ನಾಲ್ಕೂವರೆ ಲಕ್ಷವನ್ನು ಶೇ 15ರ ಬಡ್ಡಿಯಲ್ಲಿ 48 ಕಂತು ಮಾಡಿದರೆ ತಿಂಗಳಿಗೆ 12,500 ಆಗುತ್ತದೆ. ಬಡ್ಡಿಯೇ ಒಂದೂವರೆ ಲಕ್ಷ. ರಜೆಗೆ ಸಾಲ ಮಾಡಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಊಟದ ಖರ್ಚನ್ನು ಬಹಳ ಜನ ಮರೆಯುತ್ತಾರೆ. ಸದಸ್ಯತ್ವದಲ್ಲಿ ರೂಮಿನ ಬಾಡಿಗೆ ಮಾತ್ರ ಸೇರಿರುತ್ತದೆ. ರೆಸಾರ್ಟ್‌ಗಳು ಊರಿಂದ ದೂರ ಇರುತ್ತವೆ. ಪಕ್ಕದಲ್ಲಿ ದರ್ಶಿನಿ ಇರುವುದಿಲ್ಲ. ನಾಲ್ಕು ಜನ ಮೂರು ಹೊತ್ತು ಅಲ್ಲೇ ಉಂಡರೆ ಬಿಲ್ಲು ರೂಮಿನ ಬಾಡಿಗೆಗೆ ಪೈಪೋಟಿ ಕೊಡುತ್ತದೆ. ವಯಸ್ಸಾದ ಅತ್ತೆ-ಮಾವ ಜೊತೆಗಿದ್ದರೆ ಅಡುಗೆಮನೆ ಇರುವ ರೂಮು ದೊಡ್ಡ ಅನುಕೂಲ, ರಾತ್ರಿ ಒಂದಿಷ್ಟು ಮೊಸರನ್ನ ಮಾಡಿಕೊಳ್ಳಬಹುದು. ಆದರೆ ಆ ಸೌಲಭ್ಯ ದೊಡ್ಡ ರೂಮುಗಳಿಗಷ್ಟೇ ಇದೆಯಾ, ನೀವು ಕೊಳ್ಳುವ ರೂಮಿಗೂ ಇದೆಯಾ ಎಂದು ಕೇಳಿ.

ಮಾರುವ ರೀತಿಯ ಬಗ್ಗೆಯೂ ಹೇಳಲೇಬೇಕು. ಪೆಟ್ರೋಲ್ ಬಂಕಿನಲ್ಲೋ ಮಾಲಿನಲ್ಲೋ ಒಂದು ಚೀಟಿ ತುಂಬಿರುತ್ತೀರಿ. ವಾರದ ನಂತರ ಫೋನ್: "ನಿಮಗೆ ಗಿಫ್ಟ್ ಬಂದಿದೆ, ಗಂಡ-ಹೆಂಡ್ತಿ ಇಬ್ಬರೂ ಬರಬೇಕು." ಇಬ್ಬರೂ ಯಾಕೆ? "ಮನೇಲಿ ಕೇಳಿ ಹೇಳ್ತೀನಿ" ಎಂದು ಎದ್ದು ಬರುವ ದಾರಿ ಮುಚ್ಚಲಿ ಅಂತ. ಎರಡು ಗಂಟೆ ಕೂರಿಸುತ್ತಾರೆ. ಜೋರು ಸಂಗೀತ, ಪಕ್ಕದ ಟೇಬಲ್‌ನಲ್ಲಿ ಚಪ್ಪಾಳೆ, ಕೊನೆಗೆ "ಈ ರೇಟು ಇವತ್ತಿಗೆ ಮಾತ್ರ." ಕ್ರೆಡಿಟ್ ಕಾರ್ಡ್ ಉಜ್ಜಿದ ಮೇಲೆ ಕರಾರು ಕೈಗೆ ಬರುತ್ತದೆ. ಬಾಯಲ್ಲಿ ಹೇಳಿದ ವಿಮಾನ ಟಿಕೆಟ್, ಉಚಿತ ಊಟ, ಯಾವಾಗ ಬೇಕಾದರೂ ವಾಪಸ್ ಮಾಡಬಹುದು ಅನ್ನುವುದು ಯಾವುದೂ ಅದರಲ್ಲಿ ಇರುವುದಿಲ್ಲ. ಬರೆದಿದ್ದಷ್ಟೇ ಒಪ್ಪಂದ ಎಂಬ ಸಾಲು ಮಾತ್ರ ಇರುತ್ತದೆ.

ಯುರೋಪ್ ಒಕ್ಕೂಟದಲ್ಲಿ 2008ರ ನಿಯಮದ ಪ್ರಕಾರ ಟೈಮ್‌ಶೇರ್ ಕೊಂಡವರಿಗೆ 14 ದಿನ ಮನಸ್ಸು ಬದಲಿಸುವ ಹಕ್ಕಿದೆ. ಅಷ್ಟು ದಿನ ಅವರಿಂದ ಮುಂಗಡ ಪಡೆಯುವಂತೆಯೇ ಇಲ್ಲ. ಅಮೆರಿಕದಲ್ಲಿ ಡಿಸ್ನಿ ಟಿಕೆಟ್ ಆಸೆಗೆ ಒರ್ಲ್ಯಾಂಡೊದಲ್ಲಿ ಇಂಥದ್ದೇ ಸಭೆಗೆ ಹೋಗಿ ಸಹಿ ಹಾಕುವ ನಮ್ಮವರಿದ್ದಾರೆ. ಅವರಿಗೆ ಫ್ಲಾರಿಡಾದಲ್ಲಿ 10 ದಿನ, ಕ್ಯಾಲಿಫೋರ್ನಿಯಾದಲ್ಲಿ 7 ದಿನ ಕಾನೂನೇ ಕೊಡುತ್ತದೆ. ಭಾರತದಲ್ಲಿ ಟೈಮ್‌ಶೇರ್‌ಗೆಂದೇ ಪ್ರತ್ಯೇಕ ಕಾನೂನು ಇಲ್ಲ. ಎಷ್ಟು ದಿನದೊಳಗೆ ರದ್ದು ಮಾಡಿದರೆ ಪೂರ್ತಿ ಹಣ ಬರುತ್ತದೆ ಎಂಬುದು ನಿಮ್ಮ ಕರಾರಿನಲ್ಲಿ ಏನಿದೆಯೋ ಅದರ ಮೇಲೆ ನಿಂತಿದೆ. ಹಾಗಾಗಿ ಕರಾರಿನ ಪ್ರತಿಯನ್ನು ದುಡ್ಡು ಕೊಡುವ ಮುಂಚೆ ಕೇಳಿ, ಮನೆಗೆ ತಂದು ಓದಿ. ಕೊಡುವುದಿಲ್ಲ ಅಂದರೆ ಎದ್ದು ಬನ್ನಿ.

ಇನ್ನೊಂದು ಜಾತಿಯ ಯೋಜನೆ ಇದೆ. ಅದು ಇದಕ್ಕಿಂತ ಅಪಾಯ. "ರೂಮ್ ನೈಟ್ಸ್ ಕೊಳ್ಳಿ, ಬಳಸದಿದ್ದರೆ ಕೆಲವು ವರ್ಷದ ನಂತರ ಹೆಚ್ಚು ಹಣ ವಾಪಸ್" ಎನ್ನುವುದು. ಇದು ರಜೆ ಅಲ್ಲ, ರಜೆಯ ಹೆಸರಿನ ಹೂಡಿಕೆ. ಪ್ಯಾನ್‌ಕಾರ್ಡ್ ಕ್ಲಬ್ಸ್ ಎಂಬ ಸಂಸ್ಥೆ ಹೀಗೆ 50 ಲಕ್ಷಕ್ಕೂ ಹೆಚ್ಚು ಜನರಿಂದ 7,000 ಕೋಟಿಗೂ ಹೆಚ್ಚು ಸಂಗ್ರಹಿಸಿತ್ತು. ಅದು ಅನುಮತಿ ಇಲ್ಲದ ಸಾಮೂಹಿಕ ಹೂಡಿಕೆ ಎಂದು ಹೇಳಿ, ಹಣ ವಾಪಸ್ ಕೊಡುವಂತೆ ಷೇರುಪೇಟೆ ನಿಯಂತ್ರಕ ಸೆಬಿ 2016ರಲ್ಲಿ ಆದೇಶಿಸಿತು. ಆದೇಶ ಬಂದ ತಕ್ಷಣ ಹಣ ಬರುವುದಿಲ್ಲ. ಜನ ವರ್ಷಗಟ್ಟಲೆ ಕಾಯಬೇಕಾಯಿತು. ರೂಮು ಮಾರುವವರು ಲಾಭದ ಮಾತಾಡಿದರೆ ಅಲ್ಲಿಗೇ ನಿಲ್ಲಿಸಿ.

ಹಾಗಾದರೆ ಯಾರಿಗೂ ಬೇಡವಾ? ಹಾಗಲ್ಲ. ಕೆಲವು ಕುಟುಂಬಗಳಿಗೆ ನಾನೇ ತಗೊಳ್ಳಿ ಎಂದಿದ್ದೇನೆ. ಅವರ ಹಾಳೆಯಲ್ಲಿ ಪ್ರತಿ ವರ್ಷ ಐದಾರು ರಾತ್ರಿ ದೊಡ್ಡ ರೆಸಾರ್ಟ್ ಇತ್ತು. ಮಕ್ಕಳು ಚಿಕ್ಕವರು. ಗಂಡ-ಹೆಂಡತಿ ಇಬ್ಬರಿಗೂ ನಾಲ್ಕು ತಿಂಗಳು ಮುಂಚೆ ರಜೆ ಗೊತ್ತು ಮಾಡಿಕೊಳ್ಳುವ ಉದ್ಯೋಗ. ತುರ್ತು ನಿಧಿ, ಆರೋಗ್ಯ ವಿಮೆ, ಮಕ್ಕಳ ಓದಿನ ಹಣ ಎಲ್ಲ ಇಟ್ಟ ಮೇಲೂ ಕೈಯಲ್ಲಿ ದುಡ್ಡಿತ್ತು. ಸುಮ್ನೆ ಊರೂರು ಸುತ್ತುವುದಕ್ಕಿಂತ ಒಂದು ಕಡೆ ಕೂತು ಈಜಿ, ಆಡಿ, ಮಲಗಿ ಬರುವುದು ಅವರಿಗೆ ಇಷ್ಟ. ಇಂಥವರಿಗೂ ನಾನು ಹೇಳುವುದು ಒಂದೇ: ಅದೇ ಕಂಪನಿಯ ರೆಸಾರ್ಟಿಗೆ ಮೊದಲು ಬಾಡಿಗೆ ಕೊಟ್ಟು ಎರಡು ರಾತ್ರಿ ಹೋಗಿ ಬನ್ನಿ. ತಿಂಡಿ ತಿನ್ನುವಾಗ ಪಕ್ಕದ ಟೇಬಲ್‌ನ ಸದಸ್ಯರನ್ನು ಮಾತಾಡಿಸಿ. ದಸರಾ ವಾರಕ್ಕೆ, ಲಾಂಗ್ ವೀಕೆಂಡಿಗೆ ಬುಕಿಂಗ್ ಸಿಗುತ್ತಾ, ಎಷ್ಟು ಮುಂಚೆ ಬುಕ್ ಮಾಡಬೇಕು, ಶುಲ್ಕ ಹೇಗೆ ಏರಿದೆ ಅಂತ ಕೇಳಿ. ಬೇಜಾರಿಲ್ಲದೆ ಹೇಳುತ್ತಾರೆ.

ಈಗಾಗಲೇ ಸದಸ್ಯರಾಗಿದ್ದು ಬಳಸದೆ ಬಿಟ್ಟವರೂ ಬರುತ್ತಾರೆ. ಕಟ್ಟಿದ 5 ಲಕ್ಷ ಹೋಯಿತೆಂದೇ ತಿಳಿದು ಇನ್ನು ಮುಂದಿನದನ್ನಷ್ಟೇ ನೋಡಿ. ಮುಂದಿನ ಶುಲ್ಕಕ್ಕೆ ಸಿಗುವ ರಾತ್ರಿಗಳು ಹೊರಗಿನ ಬಾಡಿಗೆಗಿಂತ ಅಗ್ಗವಾದರೆ ಹಟ ಹಿಡಿದು ಬಳಸಿ. ತಂಗಿಯ ಕುಟುಂಬವನ್ನೋ ನಿವೃತ್ತ ಅಪ್ಪ-ಅಮ್ಮನನ್ನೋ ಕಳಿಸಲು ಬರುತ್ತದಾ ವಿಚಾರಿಸಿ. ಅಗ್ಗವಾಗದಿದ್ದರೆ ರದ್ದತಿ ಷರತ್ತು, ಬೇರೆಯವರ ಹೆಸರಿಗೆ ವರ್ಗಾಯಿಸುವ ಶುಲ್ಕ ಎಷ್ಟೆಂದು ಲಿಖಿತವಾಗಿ ಕೇಳಿ. ಮಾರಿದರೆ ಕೊಂಡ ಬೆಲೆಯ ಹತ್ತಿರ ಬರುವುದಿಲ್ಲ. "ನಿಮ್ಮ ಮೆಂಬರ್‌ಶಿಪ್ ಮಾರಿಕೊಡ್ತೀವಿ, ಮೊದಲು ಜಿಎಸ್‌ಟಿ ಕಟ್ಟಿ" ಎಂದು ಫೋನ್ ಮಾಡುವವರು ವಂಚಕರು. ಒಂದು ರೂಪಾಯಿಯೂ ಕೊಡಬೇಡಿ.

ಸುಳ್ಳು ಹೇಳಿ ಮಾರಿದ್ದಾರೆ ಎಂಬುದಕ್ಕೆ ಮೆಸೇಜು, ಇ-ಮೇಲ್, ವೋಚರ್ ಏನಾದರೂ ಇದ್ದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿಯ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಕಾಲಮಿತಿ ಮಾತ್ರ 2 ವರ್ಷ. ಆ ಎರಡು ವರ್ಷವನ್ನು "ನೋಡೋಣ, ಮುಂದಿನ ತಿಂಗಳು ಬುಕಿಂಗ್ ಕೊಡ್ತಾರಂತೆ" ಎಂದು ಕಾಯುತ್ತಾ ಕಳೆಯಬೇಡಿ.